ಹಸಿರು ನೀರಿನ ಬೇಸಾಯ

ಮಳೆಗಾಲ ಹಿಡಿದು ಹದಿನೈದು ದಿನಗಳಾಗುವಷ್ಟರಲ್ಲಿ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲು, ಬಾವಿಯ ಕಟ್ಟೆ, ಕಲ್ಯಾಣಿಯ ಮೆಟ್ಟಿಲು ಎಲ್ಲವೂ ಹಸಿರು ಲೇಪವನ್ನು ಹೊದೆದುಕೊಳ್ಳುತ್ತವೆ. ಅದರ ಮೇಲೆ ಕಾಲಿಟ್ಟು ಜಾರಿ ಬಿದ್ದವರು ಪಾಚಿಯನ್ನು ಶಪಿಸುತ್ತಾರೆಯೇ ಹೊರತು, ಅದನ್ನೂ ಒಂದು ಬೆಳೆಯೆಂದು ಬಗೆಯುವವರು ವಿರಳ. ಬಿತ್ತದೆ, ಗೊಬ್ಬರ ಹಾಕದೆ, ಬೇಡವೆಂದು ಉಜ್ಜಿ ತೊಳೆದರೂ ಮತ್ತೆ ಮತ್ತೆ ಬರುವ ಈ ಪಾಚಿಯನ್ನು ಬೇಕೆಂದು ಬೆಳೆಯಹೊರಟವರ ಪಾಡೇನು ಎಂಬುದನ್ನು ಇಲ್ಲಿ ವಿಚಾರಮಾಡಿ ನೋಡೋಣ. ಹೀಗೆ ಬೆಳೆಯುವವರು ಸಮುದ್ರತೀರದ ಸಿಗಡಿ ಮರಿಕೇಂದ್ರಗಳಲ್ಲಿದ್ದಾರೆ. ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಟನ್ನುಗಟ್ಟಲೆ ಹಸಿರು ನೀರು ಸಿದ್ಧವಾಗದಿದ್ದರೆ ಅಲ್ಲಿ ಒಂದೆರಡು ದಿನಗಳಲ್ಲಿಯೇ ಲಕ್ಷಾಂತರ ಜೀವಗಳು ಹಸಿದು ಸಾಯುತ್ತವೆ.

ಸಿಗಡಿಯ ಬಾಲ್ಯವನ್ನು ತಿಳಿದರೆ ಈ ಅವಸರದ ಕಾರಣ ತಿಳಿಯುತ್ತದೆ. ತಾಯಿ ಸಿಗಡಿ ಒಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಒಂದು ದಿನ ಕಳೆಯುವುದರೊಳಗಾಗಿ ಮೊಟ್ಟೆಯೊಡೆದು ನಾಪ್ಲಿಯಸ್ ಎಂಬ ಡಿಂಭ ಹೊರಬರುತ್ತದೆ. ಇದಕ್ಕೆ ಊಟದ ಗೊಡವೆಯಿಲ್ಲ. ತಾಯಿ ಕಟ್ಟಿಕೊಟ್ಟ ಬುತ್ತಿಯಂತೆ ಮೊಟ್ಟೆಯ ಹಳದಿಯ ಅಂಶ ಮೈಯಲ್ಲಿಯೇ ಇರುತ್ತದೆ. ಸುಮಾರು ಎರಡು ದಿನಗಳಲ್ಲಿ ಆ ಬುತ್ತಿ ಮುಗಿದು, ಡಿಂಭವು ಪೊರೆ ಕಳಚಿ ಜೊಯಿಯಾ ಎಂಬ ಎರಡನೆಯ ಅವಸ್ಥೆಗೆ ಬರುತ್ತದೆ. ಆ ಗಳಿಗೆಯಿಂದ ಅದಕ್ಕೆ ಎಡೆಬಿಡದೆ ಆಹಾರ ಬೇಕು. ಅದರ ಬಾಯಿಯಾದರೋ ಅತಿ ಕಿರಿದು. ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿನಷ್ಟು, ಅಂದರೆ ೫ರಿಂದ ೨೦ ಮೈಕ್ರಾನ್ ಗಾತ್ರದ ತುತ್ತು ಮಾತ್ರ ಅದಕ್ಕೆ ಹಿಡಿಸುತ್ತದೆ. ಸಮುದ್ರದಲ್ಲಿ ಈ ಅಳತೆಯ ತುತ್ತುಗಳೆಂದರೆ ತೇಲುವ ಏಕಕೋಶ ಪಾಚಿಗಳು, ಅವುಗಳಲ್ಲಿಯೂ ಮುಖ್ಯವಾಗಿ ಗಾಜಿನಂತಹ ಸಿಲಿಕಾ ಕವಚವುಳ್ಳ ಡಯಾಟಮ್‌ಗಳು. ಹೊಟ್ಟೆ ತುಂಬ ತಿಂದ ಜೊಯಿಯಾ ತನ್ನ ಹಿಂದೆ ಮೈಗಿಂತ ಉದ್ದವಾದ ಮಲದ ಎಳೆಯೊಂದನ್ನು ಬಾಲದಂತೆ ಎಳೆದುಕೊಂಡು ಈಜುತ್ತದೆ. ಮರಿಕೇಂದ್ರದ ಕೆಲಸಗಾರರು ಬೆಳಗಾಗುತ್ತಲೇ ಗಾಜಿನ ಪಾತ್ರೆಯಲ್ಲಿ ನೀರನ್ನು ಮೊಗೆದು ಬೆಳಕಿಗೆ ಹಿಡಿದು ನೋಡುವುದು ಈ ಎಳೆಯನ್ನೇ. ಎಳೆ ಕಾಣದಿದ್ದರೆ ಮರಿಗಳು ಉಪವಾಸವಿವೆ ಎಂದೇ ಅರ್ಥ.

ಈ ರಹಸ್ಯವನ್ನು ಮೊದಲು ಬಿಡಿಸಿದ ಕೀರ್ತಿ ಜಪಾನಿನ ಮೊತೊಸಾಕು ಫುಜಿನಾಗರಿಗೆ ಸಲ್ಲಬೇಕು. ಅವರು ೧೯೩೦ರ ದಶಕದಲ್ಲಿ ಕುರುಮಾ ಸಿಗಡಿಯಿಂದ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ಆದರೆ ಮರಿಗಳಿಗೆ ತಕ್ಕ ಆಹಾರವನ್ನು ಒದಗಿಸದ ಹೊರತು ಅವು ಬದುಕುತ್ತಿರಲಿಲ್ಲ. ಸ್ಕೆಲಿಟೊನೀಮ ಎಂಬ ಡಯಾಟಮನ್ನು ಬೇರೆಯಾಗಿ ಬೆಳೆಸಿ ಉಣಿಸಿದ ಮೇಲೆ ಡಿಂಭಗಳು ಮುಂದಿನ ಅವಸ್ಥೆಗಳನ್ನು ದಾಟಿದವು. ಈ ಸಂಶೋಧನೆಯನ್ನು ಅವರು ೧೯೪೨ರಲ್ಲಿ ಪ್ರಕಟಿಸಿದರು. ಇದಕ್ಕೂ ಮೊದಲು, ೧೯೧೦ರಲ್ಲಿ, ಇಂಗ್ಲೆಂಡಿನ ಪ್ಲಿಮತ್ ಪ್ರಯೋಗಾಲಯದ ಆಲೆನ್ ಮತ್ತು ನೆಲ್ಸನ್ ಎಂಬಿಬ್ಬರು ಸಮುದ್ರದ ಡಯಾಟಮ್‌ಗಳನ್ನು ಗಾಜಿನ ಪಾತ್ರೆಗಳಲ್ಲಿ ಬೆಳೆಸಿ ಕಡಲಜೀವಿಗಳ ಡಿಂಭಗಳಿಗೆ ಉಣಿಸಿ ನೋಡಿದ್ದರು. ಪಾತ್ರೆಯಲ್ಲಿ ಬೆಳೆಸುವ ವಿದ್ಯೆ ಹೀಗೆ ನೂರು ವರ್ಷಕ್ಕೂ ಹಳೆಯದು. ಆದರೆ ಪಾತ್ರೆಯಲ್ಲಿ ಬೆಳೆಸುವುದು ಒಂದು ವಿದ್ಯೆ, ತೊಟ್ಟಿಯಲ್ಲಿ ಬೆಳೆಸುವುದು ಬೇರೆಯೇ ವಿದ್ಯೆ. ನಮಗೆ ಈ ವಿಷಯದಲ್ಲಿ ಕುತೂಹಲ ಹುಟ್ಟಿದ್ದು ಇಲ್ಲಿಯೇ. ಏಕೆಂದರೆ ಇವೆರಡರ ನಡುವಣ ಅಂತರಕ್ಕೆ ಕಾರಣ ಜೀವಶಾಸ್ತ್ರದಲ್ಲಿರುವುದಕ್ಕಿಂತ ಹೆಚ್ಚಾಗಿ ಭೌತಶಾಸ್ತ್ರದಲ್ಲಿದೆ.

ಮೊದಲು ಬೇಡಿಕೆಯ ಲೆಕ್ಕವನ್ನು ಹಾಕೋಣ. ಹತ್ತು ಟನ್, ಅಂದರೆ ೧೦,೦೦೦ ಲೀಟರ್ ಹಿಡಿಯುವ ತೊಟ್ಟಿಯಲ್ಲಿ ಲೀಟರಿಗೆ ನೂರರಂತೆ ಹತ್ತು ಲಕ್ಷ ಡಿಂಭಗಳಿವೆ ಎನ್ನಿ. ಅವು ಕೊರತೆಯಿಲ್ಲದೆ ತಿನ್ನಬೇಕಾದರೆ ಒಂದು ಮಿಲಿಲೀಟರ್ ನೀರಿನಲ್ಲಿ ಸುಮಾರು ಒಂದು ಲಕ್ಷ ಪಾಚಿಕೋಶಗಳಿರಬೇಕು. ಇಡೀ ತೊಟ್ಟಿಗೆ ಲೆಕ್ಕ ಹಿಡಿದರೆ ಇದು ಒಂದು ಲಕ್ಷ ಕೋಟಿ ಕೋಶಗಳಾಗುತ್ತದೆ. ಕೋಶವೊಂದನ್ನು ೫ ಮೈಕ್ರಾನ್ ವ್ಯಾಸದ ಗೋಲಿಯೆಂದು ಭಾವಿಸಿ ತೂಕ ಕಂಡುಹಿಡಿದರೆ ಇವೆಲ್ಲವೂ ಸೇರಿ ಕೇವಲ ೬೫ ಗ್ರಾಂ! ಒಂದು ಹಿಡಿಯಷ್ಟು ಪಾಚಿ. ಆದರೆ ಚೆನ್ನಾಗಿ ಬೆಳೆದ ಹಸಿರು ನೀರಿನಲ್ಲಿಯೂ ಮಿಲಿಲೀಟರಿಗೆ ಹತ್ತು ಲಕ್ಷದಷ್ಟೇ ಕೋಶಗಳಿರುವುದರಿಂದ, ಆ ಒಂದು ಹಿಡಿಗಾಗಿ ಒಂದು ಟನ್ ನೀರನ್ನು ಬೆಳೆಸಬೇಕಾಗುತ್ತದೆ. ಮರಿಗಳು ತಿಂದಂತೆಲ್ಲ ಮತ್ತೆ ತುಂಬಬೇಕಾದುದರಿಂದ ಇದು ದಿನವೂ ತಪ್ಪದ ಕೆಲಸ. ಒಂದು ಕೇಂದ್ರದಲ್ಲಿ ಇಂತಹ ಹತ್ತಾರು ತೊಟ್ಟಿಗಳಿರಬಹುದು.

ಪಾಚಿಯ ವೃದ್ಧಿಯ ವೇಗವನ್ನು ಬಲ್ಲವರು ಇದೇನು ಮಹಾ ಎನ್ನಬಹುದು. ಒಂದು ಕೋಶ ಎರಡಾಗಲು ಒಂದು ದಿನ ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ೨೫೦ ಮಿಲಿಲೀಟರಿನ ಸೀಸೆಯಲ್ಲಿ ದಟ್ಟವಾಗಿ ಬೆಳೆದ ಪಾಚಿ ೧೦,೦೦೦ ಲೀಟರಿನಲ್ಲಿಯೂ ಅದೇ ದಟ್ಟಣೆಗೆ ಬರಬೇಕಾದರೆ ೪೦,೦೦೦ ಪಟ್ಟು ಹೆಚ್ಚಬೇಕು. ಎರಡನ್ನು ಹದಿನೈದು ಸಲ ಗುಣಿಸಿದರೆ ೩೨,೭೬೮. ಹದಿನಾರು ಸಲ ಗುಣಿಸಿದರೆ ೬೫,೫೩೬. ಎಂದರೆ ಹದಿನಾರು ದಿನಗಳಲ್ಲಿ ಕೆಲಸ ಮುಗಿಯಬೇಕು. ಗುಣೋತ್ತರ ಶ್ರೇಣಿಯ ಮಹಿಮೆ! ಆದರೆ ಸೀಸೆಯಲ್ಲಿ ಕಡುಹಸಿರಾಗಿ ನಳನಳಿಸಿದ ಪಾಚಿಯನ್ನು ಆಳವಾದ ತೊಟ್ಟಿಯಲ್ಲಿ ಅದೇ ದಟ್ಟಣೆಗೆ ತರಲು ಹೋದರೆ ಬೆಳವಣಿಗೆ ಎಲ್ಲಿಯೋ ನಡುದಾರಿಯಲ್ಲಿ ಮುಗ್ಗರಿಸುತ್ತದೆ. ಗೊಬ್ಬರ ಅದೇ, ನೀರು ಅದೇ, ಕೋಶವೂ ಅದೇ. ಬದಲಾದದ್ದು ಪಾತ್ರೆಯ ಗಾತ್ರವೊಂದೇ.

ಪಾತ್ರೆಯೊಂದರ ಉದ್ದ, ಅಗಲ, ಎತ್ತರಗಳನ್ನು ಇಮ್ಮಡಿ ಮಾಡಿದರೆ ಅದರ ಮೇಲ್ಮೈ ನಾಲ್ಕು ಪಟ್ಟಾಗುತ್ತದೆ, ಘನಫಲ ಎಂಟು ಪಟ್ಟಾಗುತ್ತದೆ. ಇದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಬಲ್ಲರು. ಘನಫಲ ೪೦,೦೦೦ ಪಟ್ಟಾಗುವಾಗ ಅಳತೆಗಳು ಸುಮಾರು ೩೪ ಪಟ್ಟಾಗುತ್ತವೆ. ಆಗ ಒಂದೊಂದು ಲೀಟರ್ ನೀರಿನ ಪಾಲಿಗೆ ಬರುವ ಮೇಲ್ಮೈ ಮೊದಲಿದ್ದುದರ ೩೪ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪಾಚಿಯ ಮುಖ್ಯ ಆಹಾರ ಬೆಳಕು. ಬೆಳಕು ಒಳಹೊಗಬೇಕಾದರೆ ಮೇಲ್ಮೈಯ ಮೂಲಕವೇ ಹೊಗಬೇಕು, ಬೇರೆ ಬಾಗಿಲಿಲ್ಲ. ಗೊಬ್ಬರವನ್ನು ನೀರಿನಲ್ಲಿ ಕದಡಿ ಎಲ್ಲೆಡೆಗೂ ಹರಡಬಹುದು. ಬೆಳಕನ್ನು ಕದಡಿ ಹರಡುವ ಉಪಾಯವಿಲ್ಲ.

ಹೊಕ್ಕ ಬೆಳಕಿನ ಗತಿಯೇನು? ಇದನ್ನು ಓದುಗರು ಮನೆಯಲ್ಲಿಯೇ ಪರೀಕ್ಷಿಸಬಹುದು. ಕೆರೆಯಿಂದ ಚೆನ್ನಾಗಿ ಹಸಿರಾದ ನೀರನ್ನು ತಂದು, ಚಪ್ಪಟೆ ಬದಿಗಳುಳ್ಳ ಒಂದೇ ಅಳತೆಯ ಮೂರು ನಾಲ್ಕು ಗಾಜಿನ ಜಾಡಿಗಳಲ್ಲಿ ತುಂಬಿ, ಕತ್ತಲೆ ಕೋಣೆಯಲ್ಲಿ ಒಂದರ ಹಿಂದೆ ಒಂದನ್ನು ಸಾಲಾಗಿಟ್ಟು, ಮುಂದಿನಿಂದ ಟಾರ್ಚಿನ ಬೆಳಕನ್ನು ಹಾಯಿಸಬೇಕು. ಮೊದಲ ಜಾಡಿಯನ್ನು ದಾಟಿದ ಬೆಳಕು ಮಸುಕಾಗುತ್ತದೆ, ಎರಡನೆಯದನ್ನು ದಾಟಿದ್ದು ಇನ್ನೂ ಮಸುಕು. ಮೂರನೆಯದರ ಆಚೆಗೆ ಹಿಡಿದ ಬಿಳಿಯ ಕಾಗದದ ಮೇಲೆ ಅದನ್ನು ಹುಡುಕಬೇಕಾದೀತು. ಪ್ರತಿಯೊಂದು ಜಾಡಿಯೂ ತನಗೆ ಬಂದ ಬೆಳಕಿನಲ್ಲಿ ಒಂದೇ ಪ್ರಮಾಣದ ಪಾಲನ್ನು ಹೀರಿಕೊಳ್ಳುತ್ತದೆ. ದಟ್ಟವಾದ ಪಾಚಿಯಲ್ಲಿ ಒಂದೊಂದು ಸೆಂಟಿಮೀಟರಿಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆಂದಾದರೆ, ಎರಡು ಸೆಂಟಿಮೀಟರಿನಲ್ಲಿ ಕಾಲುಭಾಗ, ಹತ್ತು ಸೆಂಟಿಮೀಟರಿನಲ್ಲಿ ೧,೦೨೪ರಲ್ಲಿ ಒಂದು ಪಾಲು ಉಳಿಯುತ್ತದೆ. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಎನ್ನೋಣ. ಗೇಣಿನ ಅರ್ಧದಷ್ಟು ಆಳದಲ್ಲಿ ಅದು ನೂರು ಲಕ್ಸ್, ಸಂಜೆ ದೀಪ ಹಚ್ಚಿದ ಕೋಣೆಯ ಬೆಳಕು. ಅಲ್ಲಿರುವ ಕೋಶ ದುಡಿಯುವುದಕ್ಕಿಂತ ಹೆಚ್ಚಾಗಿ, ಉಸಿರಾಟಕ್ಕಾಗಿ ಕೂಡಿಟ್ಟದ್ದನ್ನೇ ವೆಚ್ಚಮಾಡುತ್ತದೆ. ಒಂದು ಮೀಟರ್ ಆಳದ ತೊಟ್ಟಿಯಲ್ಲಿ ಹೀಗೆ ಹತ್ತರಲ್ಲಿ ಒಂಬತ್ತು ಪಾಲು ಕತ್ತಲೆಯ ಸಂಸಾರವಾಯಿತು.

ಇನ್ನೊಂದು ವಿಪರ್ಯಾಸವೂ ಉಂಟು. ಮೇಲಿನ ಪದರದ ಕೋಶಗಳಿಗೆ ಬೆಳಕಿನ ಸಮೃದ್ಧಿಯಿದ್ದರೂ ಅವುಗಳಿಗೆ ಅದೆಲ್ಲವೂ ದಕ್ಕುವುದಿಲ್ಲ. ಅನೇಕ ಪಾಚಿಗಳು ಪೂರ್ಣ ಬಿಸಿಲಿನ ಹತ್ತರಲ್ಲಿ ಒಂದು ಪಾಲಿನಷ್ಟರಲ್ಲಿಯೇ ತಮ್ಮ ಗರಿಷ್ಠ ವೇಗವನ್ನು ಮುಟ್ಟಿಬಿಡುತ್ತವೆ. ಮಿಕ್ಕದ್ದನ್ನು ಹೀರಿಯೂ ಬಳಸಲಾರದೆ ಶಾಖವಾಗಿ ಚೆಲ್ಲುತ್ತವೆ. ಬಿಸಿಲು ಮಿತಿಮೀರಿದರೆ ದ್ಯುತಿಸಂಶ್ಲೇಷಣೆಯ ಯಂತ್ರವೇ ಜಖಂಗೊಳ್ಳುತ್ತದೆ. ಮೇಲಿನವರಿಗೆ ಉಂಡು ಅಜೀರ್ಣ, ಕೆಳಗಿನವರಿಗೆ ಉಪವಾಸ.

ಕೋಶಗಳು ಬಿಡಿಬಿಡಿಯಾಗಿದ್ದಾಗ ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಗುಣೋತ್ತರ ಶ್ರೇಣಿಯಲ್ಲಿ ಹೆಚ್ಚುತ್ತವೆ. ಒಂದರ ನೆರಳು ಇನ್ನೊಂದರ ಮೇಲೆ ಬೀಳತೊಡಗಿ, ಬಂದ ಬೆಳಕೆಲ್ಲವೂ ಹೀರಿಹೋಗುವ ಸ್ಥಿತಿ ಬಂತೆಂದರೆ, ಅಲ್ಲಿಂದಾಚೆಗೆ ಕೋಶಗಳು ಎಷ್ಟೇ ಇರಲಿ, ದಿನದ ವರಮಾನ ಒಂದೇ. ಗುಣೋತ್ತರ ಶ್ರೇಣಿ ಸಮಾಂತರ ಶ್ರೇಣಿಯಾಗಿ ಮಾರ್ಪಡುತ್ತದೆ. ಆ ವರಮಾನವೆಷ್ಟೆಂಬುದನ್ನೂ ಅಂದಾಜು ಮಾಡಬಹುದು. ನಮ್ಮ ದೇಶದ ಕರಾವಳಿಯಲ್ಲಿ ಒಂದು ಚದರ ಮೀಟರಿನ ಮೇಲೆ ದಿನಕ್ಕೆ ಸರಾಸರಿ ಸುಮಾರು ೧೮,೦೦೦ ಕಿಲೋಜೂಲ್ ಸೌರಶಕ್ತಿ ಬೀಳುತ್ತದೆ. ಬಯಲಿನ ಕೊಳದಲ್ಲಿ ಇದರ ನೂರಕ್ಕೆ ಎರಡರಷ್ಟು ಪಾಚಿಯಲ್ಲಿ ನೆಲೆನಿಂತಿತೆಂದರೆ ಒಳ್ಳೆಯ ಬೆಳೆಯೇ. ಅದು ೩೬೦ ಕಿಲೋಜೂಲ್. ಒಂದು ಗ್ರಾಂ ಒಣ ಪಾಚಿಯಲ್ಲಿ ಸುಮಾರು ೨೨ ಕಿಲೋಜೂಲ್ ಶಕ್ತಿಯಿರುವುದರಿಂದ ಒಂದು ಚದರ ಮೀಟರಿನ ದಿನದ ಫಸಲು ೧೬ ಗ್ರಾಂ. ನಿಜವಾದ ಕೊಳಗಳ ಉತ್ತಮ ಇಳುವರಿಯೂ ಇದರ ಆಸುಪಾಸಿನಲ್ಲಿಯೇ ಇದೆ. ಕೊಳದ ಆಳ ಒಂದು ಗೇಣಿರಲಿ, ಒಂದಾಳಿರಲಿ, ಈ ೧೬ ಗ್ರಾಂ ಹೆಚ್ಚುವುದಿಲ್ಲ. ಆಳವನ್ನು ಹೆಚ್ಚಿಸಿದಷ್ಟೂ ಅದೇ ಫಸಲನ್ನು ಹೆಚ್ಚು ನೀರಿನಲ್ಲಿ ಕರಗಿಸಿದಂತಾಗುತ್ತದೆ, ಅಷ್ಟೆ. ರೈತನು ಹೊಲವನ್ನು ಎಕರೆಗಳಲ್ಲಿ ಅಳೆಯುತ್ತಾನೆಯೇ ಹೊರತು ಮಣ್ಣಿನ ಆಳದಲ್ಲಿ ಅಲ್ಲವಷ್ಟೆ. ಪಾಚಿಯ ಬೆಳೆಗಾರನೂ ಲೀಟರಿನ ಲೆಕ್ಕವನ್ನು ಬಿಟ್ಟು ಚದರ ಮೀಟರಿನ ಲೆಕ್ಕಕ್ಕೆ ಬರಲೇಬೇಕಾಯಿತು.

ಈ ಪಾಠವನ್ನು ಜಗತ್ತು ಕಲಿತದ್ದು ೧೯೫೦ರ ದಶಕದಲ್ಲಿ. ೧೯೫೧ರಲ್ಲಿ ಅಮೆರಿಕದ ಕೇಂಬ್ರಿಡ್ಜ್ ನಗರದ ಕಟ್ಟಡವೊಂದರ ಮಾಳಿಗೆಯ ಮೇಲೆ, ಕಾರ್ನೆಗಿ ಸಂಸ್ಥೆಯ ಪರವಾಗಿ, ಪಾರದರ್ಶಕ ಪ್ಲಾಸ್ಟಿಕ್ ಕೊಳವೆಗಳಲ್ಲಿ ಕ್ಲೋರೆಲ್ಲ ಎಂಬ ಪಾಚಿಯನ್ನು ಬೆಳೆಸಿ ನೋಡಿದರು. ಹೆಚ್ಚುತ್ತಿರುವ ಜನಸಂಖ್ಯೆಗೆ ಇದೇ ಮುಂದಿನ ಅನ್ನವೆಂಬ ಉತ್ಸಾಹ ಆಗ ಎಲ್ಲೆಲ್ಲಿಯೂ ಇತ್ತು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿಯೂ ೧೯೭೦ರ ದಶಕದಲ್ಲಿ ಜರ್ಮನರ ಸಹಯೋಗದಿಂದ ಸೀನ್‌ಡೆಸ್ಮಸ್ ಎಂಬ ಪಾಚಿಯನ್ನು ತೆರೆದ ಕೊಳಗಳಲ್ಲಿ ಬೆಳೆಸುವ ಪ್ರಯೋಗಗಳು ನಡೆದವು. ಅನ್ನಕ್ಕೆ ಬದಲಾಗಿ ಪಾಚಿ ಬರಲಿಲ್ಲ. ಗೋಧಿಯೊಡನೆ, ಸೋಯಾ ಅವರೆಯೊಡನೆ ಬೆಲೆಯಲ್ಲಿ ಸೆಣಸುವುದು ಅದಕ್ಕೆ ಆಗದ ಮಾತು. ನಮ್ಮ ಅಭಿಪ್ರಾಯದಲ್ಲಿ ಆ ಶ್ರಮ ವ್ಯರ್ಥವೇನೂ ಅಲ್ಲ. ಮನುಷ್ಯನು ಬೇಡವೆಂದುದನ್ನು ಸಿಗಡಿ ಮತ್ತು ಚಿಪ್ಪಿನ ಡಿಂಭಗಳು ಎಷ್ಟು ಬೆಲೆಯಾದರೂ ಸರಿಯೆಂದು ಕೊಂಡವು. ಅವಕ್ಕೆ ಬೇರೆ ಗತಿಯಿರಲಿಲ್ಲ.

ಬೆಳಕಿನ ಬಂಧನದಿಂದ ಪಾರಾಗಲು ಮರಿಕೇಂದ್ರಗಳು ಎರಡು ದಾರಿಗಳನ್ನು ಹಿಡಿದವು. ಫುಜಿನಾಗರು ೧೯೬೦ರ ದಶಕದಲ್ಲಿ ರೂಢಿಗೆ ತಂದ ಜಪಾನೀ ಕ್ರಮದಲ್ಲಿ ಪಾಚಿಗೆ ಬೇರೆ ತೊಟ್ಟಿಯೇ ಇಲ್ಲ. ನೂರು ಟನ್ನಿಗೂ ಮೀರಿದ ದೊಡ್ಡ ತೊಟ್ಟಿಯಲ್ಲಿ ಮರಿಗಳಿರುವಾಗಲೇ ಗೊಬ್ಬರವನ್ನು ಹಾಕಿ, ಸಮುದ್ರದ ನೀರಿನಲ್ಲಿ ಸಹಜವಾಗಿರುವ ಡಯಾಟಮ್‌ಗಳನ್ನು ಅಲ್ಲಿಯೇ ಬೆಳೆಯಗೊಡುತ್ತಾರೆ. ಮರಿಗಳು ತಿನ್ನುತ್ತಲೇ ಇರುವುದರಿಂದ ಪಾಚಿ ತೆಳುವಾಗಿಯೇ ಉಳಿಯುತ್ತದೆ. ತೆಳುವಾದ ನೀರಿನಲ್ಲಿ ಬೆಳಕು ಆಳಕ್ಕೆ ಇಳಿಯುತ್ತದೆ. ಲೆಕ್ಕಕ್ಕೆ ಇದು ಸೊಗಸಾದ ಪರಿಹಾರ. ಆದರೆ ಯಾವ ಪಾಚಿ ಬೆಳೆದೀತೆಂಬುದು ದೈವಾಧೀನ, ಮೋಡ ಕವಿದರೆ ಎಲ್ಲವೂ ಸ್ತಬ್ಧ. ನಮ್ಮ ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಭತ್ತದ ಕೊಯ್ಲಾದ ಮೇಲೆ ಭರತದ ನೀರಿನೊಡನೆ ಸಿಗಡಿ ಮರಿಗಳನ್ನು ಒಳಬಿಟ್ಟುಕೊಳ್ಳುವ ಹಳೆಯ ಪದ್ಧತಿಯಲ್ಲಿಯೂ ಹೀಗೆಯೇ: ಮರಿಯೂ ಸಮುದ್ರದ್ದು, ಮೇವೂ ಸಮುದ್ರದ್ದು.

ಅಮೆರಿಕದ ಟೆಕ್ಸಾಸಿನ ಗ್ಯಾಲ್ವೆಸ್ಟನ್ ಪ್ರಯೋಗಾಲಯದಲ್ಲಿ ರೂಪುಗೊಂಡ ಎರಡನೆಯ ಕ್ರಮದಲ್ಲಿ ಮರಿಯ ತೊಟ್ಟಿ ಬೇರೆ, ಪಾಚಿಯ ತೊಟ್ಟಿ ಬೇರೆ. ಆರಿಸಿದ ಒಂದೇ ಜಾತಿಯ ಪಾಚಿಯನ್ನು ಶುದ್ಧವಾಗಿ ಬೆಳೆಸಿ, ಕೋಶಗಳನ್ನು ಎಣಿಸಿ, ಅಳೆದು ಹಾಕುತ್ತಾರೆ. ಭಾರತದ ಪೂರ್ವ ಕರಾವಳಿಯ ಮರಿಕೇಂದ್ರಗಳಲ್ಲಿ ಕೀಟೊಸೆರಾಸ್, ಥಲಾಸಿಯೊಸೈರ ಮೊದಲಾದ ಡಯಾಟಮ್‌ಗಳನ್ನು ಬೆಳೆಸುವುದು ಈ ಕ್ರಮದಲ್ಲಿಯೇ. ಮೊದಲಿಗೆ ಪರೀಕ್ಷಾನಳಿಕೆ, ಬಳಿಕ ಸೀಸೆ, ಅದರಿಂದ ೨೦ ಲೀಟರಿನ ಗಾಜಿನ ಬುರುಡೆ, ಆಮೇಲೆ ನೂರಾರು ಲೀಟರಿನ ಪಾರದರ್ಶಕ ಚೀಲ ಅಥವಾ ಕಂಬದಂತಹ ಪಾತ್ರೆ, ಕಡೆಗೆ ಬಯಲಿನ ತೊಟ್ಟಿ. ನೇರವಾಗಿ ಸೀಸೆಯಿಂದ ತೊಟ್ಟಿಗೆ ಸುರಿದರಾಗದೆ ಎಂದು ಕೇಳಬಹುದು. ಆಗದು. ಅಷ್ಟು ನೀರಿನಲ್ಲಿ ಚೆದುರಿಹೋದ ಕೆಲವೇ ಕೋಶಗಳು ಬಿಸಿಲಿಗೆ ಬಸವಳಿಯುತ್ತವೆ. ಅವು ಚೇತರಿಸಿಕೊಳ್ಳುವಷ್ಟರಲ್ಲಿ ಕರೆಯದೆ ಬಂದ ಕಳೆಪಾಚಿ ತೊಟ್ಟಿಯನ್ನು ಆಕ್ರಮಿಸಿರುತ್ತದೆ. ಸಸಿಮಡಿಯಲ್ಲಿ ಬೆಳೆಸಿ ನಾಟಿಮಾಡುವ ಭತ್ತದ ಬೇಸಾಯಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಪ್ರತಿಯೊಂದು ಪಾತ್ರೆಯ ತಳದಿಂದಲೂ ಗಾಳಿಯ ಗುಳ್ಳೆಗಳು ಏಳುತ್ತಿರಬೇಕು. ಇದಕ್ಕೆ ಒಂದು ಕಾರಣ ಸ್ಟೋಕ್ಸನ ನಿಯಮ. ಹತ್ತು ಮೈಕ್ರಾನ್ ವ್ಯಾಸದ ಡಯಾಟಮ್ ನೀರಿಗಿಂತ ನೂರಕ್ಕೆ ಐದರಷ್ಟು ಹೆಚ್ಚು ಸಾಂದ್ರವಾಗಿದ್ದರೆ, ನಿಶ್ಚಲ ನೀರಿನಲ್ಲಿ ದಿನಕ್ಕೆ ೨೦ ಸೆಂಟಿಮೀಟರಿಗೂ ತುಸು ಹೆಚ್ಚು ಮುಳುಗುತ್ತದೆ. ನಾಲ್ಕೈದು ದಿನಗಳಲ್ಲಿ ಫಸಲೆಲ್ಲ ತಳದ ಕೆಸರಾಗುತ್ತದೆ. ಕದಡುತ್ತಿದ್ದರೆ ಕೋಶಗಳು ಸರದಿಯ ಮೇಲೆ ಬೆಳಕಿಗೂ ಬರುತ್ತವೆ. ಎರಡನೆಯ ಕಾರಣ ಇಂಗಾಲ. ಒಣ ಪಾಚಿಯಲ್ಲಿ ಅರ್ಧದಷ್ಟು ಇಂಗಾಲವೇ. ಒಂದು ಗ್ರಾಂ ಪಾಚಿಗೆ ಬೇಕಾದ ಇಂಗಾಲದ ಡೈ ಆಕ್ಸೈಡನ್ನು ಗಾಳಿಯಿಂದಲೇ ಪಡೆಯಬೇಕಾದರೆ, ಒಂದು ಕಣವೂ ತಪ್ಪದೆ ಹೀರಿದರೂ ೨,೦೦೦ ಲೀಟರಿಗೂ ಹೆಚ್ಚು ಗಾಳಿ ಬೇಕು. ಆದುದರಿಂದಲೇ ಅನೇಕ ಕಡೆ ಸಿಲಿಂಡರಿನಿಂದ ಈ ಅನಿಲವನ್ನು ಗಾಳಿಯೊಡನೆ ಬೆರೆಸುತ್ತಾರೆ. ನೈಟ್ರೇಟು, ಫಾಸ್ಫೇಟು, ಕಬ್ಬಿಣ, ಜೀವಸತ್ವಗಳು, ಡಯಾಟಮ್‌ಗಾದರೆ ಸಿಲಿಕೇಟು, ಇವುಗಳ ಮಿಶ್ರಣದ ಪಾಕಗಳು ಸಿದ್ಧವಾಗಿಯೇ ಇವೆ. ಅದರಲ್ಲಿ ಈಗ ಕಷ್ಟವೇನೂ ಇಲ್ಲ.

ಕಷ್ಟವಿರುವುದು ಕಾವಲಿನಲ್ಲಿ. ಸೀಸೆಯ ನೀರನ್ನು ಒತ್ತಡದ ಹಬೆಯಲ್ಲಿ ಕುದಿಸಿ ಶುದ್ಧಿಮಾಡಬಹುದು; ಹತ್ತು ಟನ್ ನೀರನ್ನು ಕುದಿಸುವವರಾರು? ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ, ಆ ಕ್ಲೋರಿನ್ನನ್ನು ಥಯೋಸಲ್ಫೇಟಿನಿಂದ ತೊಡೆದುಹಾಕಿ ಬಳಸುತ್ತಾರೆ. ಇಷ್ಟಾದರೂ ಗಾಳಿಯಿಂದಲೋ, ಒದ್ದೆ ಕೈಯಿಂದಲೋ ಪಾಚಿಯನ್ನು ಮೇಯುವ ಒಂದು ಸೂಕ್ಷ್ಮಪ್ರಾಣಿ ಒಳನುಗ್ಗಿದರೆ, ಅದೂ ಇಮ್ಮಡಿ ಇಮ್ಮಡಿಯಾಗಿಯೇ ಬೆಳೆಯುತ್ತದೆ. ಸಂಜೆ ಚಿನ್ನದ ಬಣ್ಣವಿದ್ದ ತೊಟ್ಟಿ ಬೆಳಗಿನ ಹೊತ್ತಿಗೆ ತಿಳಿಯಾಗಿ, ತಳದಲ್ಲಿ ನೊರೆಗಟ್ಟಿದ ಕಸವನ್ನು ಉಳಿಸಿರುತ್ತದೆ. ಪಕ್ಕದ ತೊಟ್ಟಿಯಲ್ಲಿ ಅದೇ ಬೆಳಿಗ್ಗೆ ನಾಪ್ಲಿಯಸ್‌ಗಳು ಜೊಯಿಯಾಗಳಾಗುತ್ತಿರುತ್ತವೆ. ಅವುಗಳ ಬುತ್ತಿ ತೀರಿರುತ್ತದೆ. ಹೊಸ ಪಾಚಿಯನ್ನು ಸೀಸೆಯಿಂದ ಎಬ್ಬಿಸಲು ಎರಡು ವಾರಗಳು ಬೇಕು. ಮರಿಗಳಿಗಿರುವುದು ಕೆಲವು ಗಂಟೆಗಳು ಮಾತ್ರ. ಹೀಗಾಗಿ ಬೇಕಾದುದಕ್ಕಿಂತ ಹೆಚ್ಚು ತೊಟ್ಟಿಗಳನ್ನು, ಒಂದೊಂದು ದಿನದ ಅಂತರದಲ್ಲಿ, ಸದಾ ಬೆಳೆಸುತ್ತಲೇ ಇರಬೇಕಾಗುತ್ತದೆ. ಮರಿಕೇಂದ್ರದ ಖರ್ಚಿನಲ್ಲಿ ಪಾಚಿಯ ಪಾಲು ದೊಡ್ಡದಾಗಲು ಈ ಭಯವೂ ಒಂದು ಕಾರಣ.

ಬೆಳಕನ್ನೇ ಪಾಚಿಯ ಬಳಿಗೆ ಒಯ್ದರಾಗದೆ? ತೆಳುವಾದ ಗಾಜಿನ ಕೊಳವೆಗಳಲ್ಲಿ ಹಸಿರು ನೀರನ್ನು ಹರಿಸುವ ಯಂತ್ರಗಳಿವೆ. ಅವು ಅಚ್ಚುಕಟ್ಟಾದವು, ದುಬಾರಿಯೂ ಹೌದು. ವಿದ್ಯುದ್ದೀಪದಿಂದ ಬೆಳೆಸಿದರೆ, ವಿದ್ಯುತ್ತಿನ ನೂರಕ್ಕೆ ಮೂರು ಪಾಲು ಪಾಚಿಯಲ್ಲಿ ನಿಂತರೂ ಒಂದು ಕಿಲೋ ಒಣ ಪಾಚಿಗೆ ೨೦೦ ಯೂನಿಟ್ ವ್ಯಯವಾಗುತ್ತದೆ. ಓದುಗರು ತಮ್ಮ ಮನೆಯ ತಿಂಗಳ ಬಿಲ್ಲಿನೊಡನೆ ಹೋಲಿಸಿ ನೋಡಬಹುದು. ಬೇರೆಡೆ ಬೆಳೆಸಿ, ಯಂತ್ರದಲ್ಲಿ ಗಿರಕಿ ಹೊಡೆಸಿ ನೀರನ್ನು ಬೇರ್ಪಡಿಸಿ, ಶೈತ್ಯದಲ್ಲಿಟ್ಟ ಪಾಚಿಯ ಮುದ್ದೆ ಈಗ ಪೇಟೆಯಲ್ಲಿ ದೊರೆಯುತ್ತದೆ. ತೊಟ್ಟಿ ಕುಸಿದ ಬೆಳಿಗ್ಗೆ ಅದು ಆಪದ್ಬಂಧು. ಆದರೂ ಜೀವಂತ ಪಾಚಿಯನ್ನು ಮರಿಕೇಂದ್ರಗಳು ಕೈಬಿಟ್ಟಿಲ್ಲ.

ಆ ಎಲ್ಲ ತೊಟ್ಟಿಗಳ ಮೂಲವಾದ ಪರೀಕ್ಷಾನಳಿಕೆಗಳನ್ನು ಮಾತ್ರ ಬೇರೊಂದು ತಂಪು ಕೋಣೆಯಲ್ಲಿ, ಮಂದ ಬೆಳಕಿನಲ್ಲಿ, ಹತ್ತಿಯ ಬಿರಡೆ ಹಾಕಿ ಕಾಪಾಡುತ್ತಾರೆ. ಅವುಗಳಲ್ಲಿ ಕೆಲವಕ್ಕೆ ದೀರ್ಘವಾದ ವಂಶಾವಳಿಯಿದೆ. ೧೯೫೮ರಲ್ಲಿ ರಾಬರ್ಟ್ ಗಿಲಾರ್ಡ್ ಎಂಬ ವಿಜ್ಞಾನಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಮೊರಿಚಿಸ್ ಕೊಲ್ಲಿಯ ನೀರಿನಿಂದ ಥಲಾಸಿಯೊಸೈರ ಜಾತಿಯ ಡಯಾಟಮೊಂದನ್ನು ಬೇರ್ಪಡಿಸಿ ‘೩ಎಚ್’ ಎಂದು ಹೆಸರಿಟ್ಟರು. ಚಿಪ್ಪುಜೀವಿಗಳ ಮರಿಗಳಿಗೆ ಅದು ಒಳ್ಳೆಯ ಮೇವೆಂದು ತಿಳಿದ ಮೇಲೆ ಕೈಯಿಂದ ಕೈಗೆ, ದೇಶದಿಂದ ದೇಶಕ್ಕೆ ಹರಡಿತು. ೨೦೦೪ರಲ್ಲಿ ಡಯಾಟಮ್‌ಗಳ ಪೈಕಿ ಮೊದಲು ಅನುವಂಶಿಕ ಲಿಪಿಯನ್ನು ಪೂರ್ತಿಯಾಗಿ ಓದಿದ್ದು ಈ ವಂಶದ್ದೇ. ಕೆಲವು ವಾರಗಳಿಗೊಮ್ಮೆ ಯಾರೋ ಒಬ್ಬರು ಹಳೆಯ ನಳಿಕೆಯ ಕೆಲವು ಹನಿಗಳನ್ನು ಹೊಸ ನಳಿಕೆಗೆ ವರ್ಗಾಯಿಸುತ್ತಾರೆ. ೧೯೫೮ರಿಂದ ಈ ಕೆಲಸ ಒಮ್ಮೆಯೂ ನಿಂತಿಲ್ಲ.